ಶರಾವತಿ ಕೊಳ್ಳ ಇಳಿದು, ದೊಡ್ಡಮನೆ ಘಾಟಿ ಹತ್ತಿ ಒಂದೇ ದಿನದಲ್ಲಿ ಸಾಗರಕ್ಕೆ ವಾಪಸ್: ದಾರಿ, ಸಮಯ, ಬ್ರೇಕು, ಮಂಜು

ಗದ್ದೆಬದು
ನವೆಂಬರ್ ಎರಡನೇ ವಾರಕ್ಕೆ ಯೋಜನೆ. ಬೆಳಿಗ್ಗೆ ಸಾಗರ ಬಿಟ್ಟು ಜೋಗ, ಗೇರುಸೊಪ್ಪ, ಹೊನ್ನಾವರ, ಕುಮಟಾ, ಸಿದ್ದಾಪುರ ಸುತ್ತಿ ರಾತ್ರಿ ಊಟಕ್ಕೆ ಸಾಗರ ಸೇರಬೇಕು. ಐದು ಜನ. ಒಬ್ಬರಿಗೆ ಎಪ್ಪತ್ತು ದಾಟಿದೆ, ಇನ್ನೊಬ್ಬ ಒಂಬತ್ತು ವರ್ಷದ ಹುಡುಗ, ತಿರುವು ಬಂದರೆ ವಾಂತಿ. ಪೆಟ್ರೋಲ್ ಎಎಂಟಿ ಕಾರು, ಕ್ಲಚ್ ಪೆಡಲ್ ಇಲ್ಲ, ಗೇರು ತಾನೇ ಬದಲಾಗುತ್ತದೆ. ಮೂರು ಪ್ರಶ್ನೆ: ಯಾವ ದಿಕ್ಕಿನಿಂದ ಸುತ್ತಬೇಕು? ಉಂಚಳ್ಳಿ ಜಲಪಾತವನ್ನೂ ಇದೇ ದಿನ ಸೇರಿಸಬಹುದೇ? ಎಎಂಟಿಯಲ್ಲಿ ಘಾಟಿ ಇಳಿಯುವಾಗ ಏನು ಎಚ್ಚರಿಕೆ?

ಎರಡನೇ_ಗೇರ್
ಮೊದಲು ಕಿಲೋಮೀಟರ್ ಲೆಕ್ಕ ಹಾಕೋಣ. ಸಾಗರದಿಂದ ತಾಳಗುಪ್ಪ ಮೇಲೆ ಜೋಗಕ್ಕೆ ಸುಮಾರು 30. ಜೋಗದಿಂದ ಮಾವಿನಗುಂಡಿ, ಗೇರುಸೊಪ್ಪ ಮೇಲೆ ಹೊನ್ನಾವರಕ್ಕೆ ಸುಮಾರು 60. ಹೊನ್ನಾವರ–ಕುಮಟಾ ಕರಾವಳಿ ಹೆದ್ದಾರಿ 20. ಕುಮಟಾದಿಂದ ದೊಡ್ಡಮನೆ ಘಾಟಿ ಹತ್ತಿ ಸಿದ್ದಾಪುರಕ್ಕೆ 65ರ ಆಸುಪಾಸು. ಸಿದ್ದಾಪುರ–ತಾಳಗುಪ್ಪ–ಸಾಗರ ಇನ್ನೊಂದು 35. ಎಲ್ಲ ಸೇರಿ 210. ಚಾಲನೆಗೇ ಆರರಿಂದ ಏಳು ಗಂಟೆ ಇಟ್ಟುಕೊಳ್ಳಿ. ಬಯಲುಸೀಮೆಯ 210 ಕಿಲೋಮೀಟರ್ ಬೇರೆ, ಇದು ಬೇರೆ.

ದಿಕ್ಕಿನ ವಿಷಯದಲ್ಲಿ ನನಗೆ ಸಂಶಯವೇ ಇಲ್ಲ: ಗೇರುಸೊಪ್ಪ ಘಾಟಿ ಇಳಿಯಿರಿ, ದೊಡ್ಡಮನೆ ಘಾಟಿ ಹತ್ತಿರಿ. ಶರಾವತಿ ಪಶ್ಚಿಮಕ್ಕೆ ಹರಿಯುತ್ತದೆ, ಹೆದ್ದಾರಿ ಅದರ ಉತ್ತರದ ಗೋಡೆಯ ಮೇಲಿದೆ. ಇಳಿಯುವವರಿಗೆ ಕೊಳ್ಳ ಎಡಕ್ಕೆ, ನಾವು ಓಡಿಸುವುದೂ ಎಡಕ್ಕೆ. ಕಣಿವೆ ನೋಡುವ ಜಾಗ ಬಂದಾಗ ಇಂಡಿಕೇಟರ್ ಹಾಕಿ ಎಡಕ್ಕೆ ಸರಿದರೆ ಆಯಿತು. ಹತ್ತುವವರು ಅದೇ ಜಾಗಕ್ಕೆ ಎದುರಿನ ಲಾರಿ ಸಾಲನ್ನು ದಾಟಿ ಬಲಕ್ಕೆ ಹೊರಳಬೇಕು. ತಿರುವಿನ ಪಕ್ಕ ಆ ಸಾಹಸ ಬೇಡ.

ಎರಡನೇ ಕಾರಣ ದೊಡ್ಡಮನೆ ಘಾಟಿ. ರಸ್ತೆ ಕಿರಿದು. ಕಿರಿದಾದ ಘಾಟಿಯಲ್ಲಿ ಹತ್ತುವ ವಾಹನಕ್ಕೆ ಮೊದಲ ಹಕ್ಕು, ಇಳಿಯುವವನು ನಿಂತು ಜಾಗ ಕೊಡಬೇಕು. ಇದು ಸೌಜನ್ಯದ ಮಾತಲ್ಲ, ರಸ್ತೆ ನಿಯಮದಲ್ಲೇ ಇದೆ. ಹಾಗಾಗಿ ಹತ್ತುವ ಪಾಳಿ ನಿಮ್ಮದಾಗಿದ್ದರೆ ಹಿಮ್ಮುಖ ಹೋಗುವ ಕೆಲಸ ಕಡಿಮೆ.

ತಾಳಗುಪ್ಪ_ಪ್ಯಾಸೆಂಜರ್
ದಿಕ್ಕಿಗೆ ಒಪ್ಪಿಗೆ, ಆದರೆ ನಸುಕಿಗೇ ಓಡಬೇಡಿ. ನವೆಂಬರ್‌ನಲ್ಲಿ ಬೆಳಿಗ್ಗೆ ಆರೂವರೆಗೆ ಜೋಗದಲ್ಲಿ ನಿಂತರೆ ಕಾಣುವುದು ಬಿಳಿ ಗೋಡೆ. ಕೊಳ್ಳದ ತಳದಿಂದ ಏಳುವ ಮಂಜು ಬಿಸಿಲು ಬಿದ್ದ ಮೇಲೇ ಕರಗುವುದು. ಸಾಗರ 7.15ಕ್ಕೆ ಬಿಡಿ, ತಾಳಗುಪ್ಪದಲ್ಲಿ ತಿಂಡಿ ಮುಗಿಸಿ ಎಂಟೂವರೆಗೆ ಜೋಗ. ಮಂಜು ಇದ್ದರೆ ಅಲ್ಲೇ ಕಾಯಿರಿ. ಅದು ಪರದೆಯ ಹಾಗೆ, ಇಪ್ಪತ್ತು ನಿಮಿಷಕ್ಕೊಮ್ಮೆ ಸರಿದು ಮತ್ತೆ ಮುಚ್ಚುತ್ತದೆ. ‘ಏನೂ ಕಾಣಲ್ಲ’ ಎಂದು ಗಾಡಿ ಹತ್ತುವವರೇ ಹೆಚ್ಚು, ಅವರ ಬೆನ್ನ ಹಿಂದೆ ರಾಜ ಇಳಿಯುತ್ತಿರುತ್ತಾನೆ.

ನೀರಿನ ಬಗ್ಗೆ ಸುಳ್ಳು ಆಸೆ ಬೇಡ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಆದ ಮೇಲೆ ಜೋಗದ ಅಬ್ಬರ ಮಳೆಗಿಂತ ಹೆಚ್ಚಾಗಿ ಕಟ್ಟೆಯ ಗೇಟಿನ ಕೈಯಲ್ಲಿದೆ. ಜಲಾಶಯದ ಪೂರ್ಣ ಮಟ್ಟ 1,819 ಅಡಿ. ಮಳೆಗಾಲದ ಕೊನೆಗೆ ಮಟ್ಟ ಅಲ್ಲಿಗೆ ಮುಟ್ಟಿ ಗೇಟು ತೆಗೆದರೆ ಮಾತ್ರ ನಾಲ್ಕೂ ಕವಲು ಒಂದಾಗುವ ದೃಶ್ಯ. ನವೆಂಬರ್‌ನಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಬೇರೆ ಬೇರೆ ಎಳೆಗಳಾಗಿ ಕಾಣುತ್ತವೆ. ಅದೂ ಚೆಂದವೇ. 253 ಮೀಟರ್ ಬಂಡೆಯ ಎತ್ತರ ಸರಿಯಾಗಿ ಕಣ್ಣಿಗೆ ಸಿಗುವುದು ನೀರು ಕಡಿಮೆ ಇದ್ದಾಗಲೇ. ಕೊಳ್ಳ ನೋಡಲು ಹೊರಟವರಿಗೆ ನವೆಂಬರ್ ಸರಿಯಾದ ತಿಂಗಳು, ನೀರು ನೋಡಲು ಹೊರಟವರಿಗೆ ಆಗಸ್ಟ್.

ತಳಕ್ಕೆ ಇಳಿಯುವ ಮೆಟ್ಟಿಲು ಸಾವಿರಕ್ಕೂ ಮೇಲೆ. ಅದಕ್ಕೆ ಕೈ ಹಾಕಿದರೆ ನಿಮ್ಮ ದಿನ ಅಲ್ಲಿಗೇ ಮುಗಿಯಿತು. ಜೋಗದಲ್ಲಿ ಅಭಿವೃದ್ಧಿ ಕಾಮಗಾರಿಗಾಗಿ ಪ್ರವೇಶ ನಿರ್ಬಂಧಿಸಿದ ಉದಾಹರಣೆಯೂ ಇದೆ, ಹಿಂದಿನ ದಿನವೇ ವಿಚಾರಿಸಿಕೊಳ್ಳಿ.

ಅಡಿಕೆಗೊನೆ
ಎರಡನೇ_ಗೇರ್ ಅವರೇ, ಉಲ್ಟಾ ಸುತ್ತಿದರೆ ಜೋಗಕ್ಕೆ ಮಧ್ಯಾಹ್ನದ ಮೇಲೆ ಬರಬಹುದಲ್ಲ, ಮಂಜಿನ ರಗಳೆಯೇ ಇರುವುದಿಲ್ಲ. ಎಷ್ಟೋ ಜನ ಹಾಗೇ ಮಾಡುತ್ತಾರೆ.

ಎರಡನೇ_ಗೇರ್
ಮಾಡುತ್ತಾರೆ. ಆಮೇಲೆ ಹೊನ್ನಾವರದಲ್ಲಿ ಊಟ ಮುಗಿಸಿ ಹೊರಡುವಷ್ಟರಲ್ಲಿ ಮೂರು ಗಂಟೆ. ಗೇರುಸೊಪ್ಪ ಘಾಟಿಯನ್ನು ಲಾರಿಗಳ ಹಿಂದೆ ತೆವಳುತ್ತಾ ಹತ್ತಿ ಜೋಗ ಮುಟ್ಟುವಾಗ ಐದು. ನವೆಂಬರ್‌ನಲ್ಲಿ ಆರಕ್ಕೆ ಕತ್ತಲು. ಒಂದು ಮಂಜಿಗೆ ಹೆದರಿ ಸಂಜೆಯ ಮಂಜಿಗೆ ಸಿಕ್ಕಿಬೀಳುವ ಲೆಕ್ಕ. ಬೆಳಗಿನ ಮಂಜು ಕಾದರೆ ಹೋಗುತ್ತದೆ, ಸಂಜೆಯದು ಕಾದಷ್ಟೂ ದಟ್ಟವಾಗುತ್ತದೆ.

ಡಾಟ್_ನಾಲ್ಕು
ಬ್ರೇಕಿನ ವಿಷಯ ನಾನು ಹೇಳುತ್ತೇನೆ. ಜೋಗದ ಮೇಲ್ಭಾಗ ಸಮುದ್ರ ಮಟ್ಟದಿಂದ ಸುಮಾರು 500 ಮೀಟರ್ ಎತ್ತರ. ಗೇರುಸೊಪ್ಪ ಹೆಚ್ಚು ಕಡಿಮೆ ಸಮುದ್ರ ಮಟ್ಟದಲ್ಲೇ ಇದೆ. ಜನ, ಸಾಮಾನು ಸೇರಿ 1,500 ಕಿಲೋ ತೂಕದ ಕಾರು ಅಷ್ಟು ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 73 ಲಕ್ಷ ಜೂಲ್. ಅದೆಲ್ಲ ಬ್ರೇಕಿಗೇ ಹೋದರೆ 23 ಲೀಟರ್ ತಣ್ಣೀರು ಕುದಿ ಬರುವಷ್ಟು ಶಾಖ. ಸ್ವಲ್ಪ ಗಾಳಿಗೆ, ಟೈರಿಗೆ ಹೋಗುತ್ತದೆ ಬಿಡಿ. ಉಳಿದದ್ದನ್ನು ಎಂಜಿನ್ ಹೊರಬೇಕೇ, ನಾಲ್ಕು ಚಕ್ರದ ಬ್ರೇಕು ಹೊರಬೇಕೇ ಎಂಬುದು ನಿಮ್ಮ ಗೇರಿನ ಮೇಲೆ.

ಹಳೇ ಡ್ರೈವರುಗಳ ಮಾತು ಈಗಲೂ ಸರಿ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದರಲ್ಲೇ ಇಳಿಯಿರಿ. ಈ ಘಾಟಿಗೆ ಹೆಚ್ಚಿನ ಕಡೆ ಮೂರು, ಬಿಗಿ ತಿರುವಿಗೆ ಎರಡು. ಎಂಜಿನ್ ನಿಮಿಷಕ್ಕೆ 3,000 ಸುತ್ತಿನಲ್ಲಿ ಕೂಗಿದರೆ ಗಾಬರಿ ಬೇಡ, ಅದರಿಂದ ಹಾನಿ ಇಲ್ಲ. ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲಿ ಇಳಿಯುವಾಗ ಇಂಧನದ ಪೂರೈಕೆಯೇ ನಿಂತಿರುತ್ತದೆ. ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಉಳಿಯುತ್ತದೆ ಎನ್ನುವುದು ಕಾರ್ಬುರೇಟರ್ ಕಾಲದ ಮಾತು. ಇನ್ನು ಎಂಜಿನ್ ಬಂದ್ ಮಾಡಿ ಇಳಿಯುವ ಜಾಣರಿಗೆ: ಎರಡು ಮೂರು ಸಲ ತುಳಿದ ಮೇಲೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್‌ನ ನಿರ್ವಾತ ಖಾಲಿ, ಪೆಡಲ್ ಕಲ್ಲಾಗುತ್ತದೆ, ಸ್ಟೀರಿಂಗ್ ಸಹಾಯವೂ ಹೋಗುತ್ತದೆ.

ಬ್ರೇಕ್ ತುಳಿಯುವಾಗ ಗಟ್ಟಿಯಾಗಿ, ಚಿಕ್ಕದಾಗಿ. 40ರಿಂದ 25ಕ್ಕೆ ಇಳಿಸಿ, ಪೂರ್ತಿ ಬಿಡಿ, ತಣಿಯಲಿ. ಕಾಲನ್ನು ಉದ್ದಕ್ಕೂ ಮೆತ್ತಗೆ ಒತ್ತಿ ಹಿಡಿಯುವುದೇ ಕೆಡಿಸುವುದು. ಸುಟ್ಟ ವಾಸನೆ ಬಂತು, ಪೆಡಲ್ ಎಂದಿಗಿಂತ ಕೆಳಗೆ ಹೋಯಿತು, ಸ್ಪಂಜಿನ ಹಾಗೆ ಮೆತ್ತಗಾಯಿತು ಎಂದರೆ ಬ್ರೇಕ್ ದ್ರವ ಕುದಿದು ಆವಿಗುಳ್ಳೆ ಆಗಿದೆ. ಆಗ ಪೆಡಲನ್ನು ಬೇಗಬೇಗ ಪಂಪ್ ಮಾಡಿ, ಗೇರು ಇಳಿಸಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಅರ್ಧ ಗಂಟೆ ಬಿಡಿ. ನೀರು ಎರಚಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ. ಕಾದ ಡ್ರಮ್ಮಿನ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು ಬಿಡುವ ಬದಲು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ದ್ರವ ಯಾಕೆ ಕುದಿಯುತ್ತದೆ? ಗಾಳಿಯ ತೇವ ಹೀರಿಕೊಂಡು. ಡಾಟ್ 4 ದರ್ಜೆಯ ಬ್ರೇಕ್ ದ್ರವ ಹೊಸದಾಗಿದ್ದಾಗ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ, ತೇವ ಹೀರಿದ ಮೇಲೆ 155ರವರೆಗೂ ಇಳಿಯಬಹುದು. ಡಾಟ್ 3 ಆದರೆ 205 ಮತ್ತು 140. ಮಲೆನಾಡಿನ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಸರ್ವಿಸ್‌ನಲ್ಲಿ ‘ಟಾಪ್‌ಅಪ್ ಮಾಡಿದ್ದೇವೆ ಸಾರ್’ ಅಂದರೆ ಬದಲಿಸಿದಂತಲ್ಲ.

ಗದ್ದೆಬದು
ಡಾಟ್_ನಾಲ್ಕು ಸರ್, ನಮ್ಮದು ಎಎಂಟಿ. ‘ಡಿ’ಯಲ್ಲೇ ಬಿಟ್ಟರೆ ತಾನಾಗಿ ಗೇರು ಇಳಿಸುವುದಿಲ್ಲವೇ?

ಡಾಟ್_ನಾಲ್ಕು
ಕಾಲು ಎತ್ತಿದ ಕೂಡಲೇ ಮೇಲಿನ ಗೇರಿಗೆ ಹಾರುವುದು ಅದರ ಚಾಳಿ. ಮಾವಿನಗುಂಡಿ ದಾಟಿ ಇಳಿಜಾರು ಸುರುವಾಗುವಾಗಲೇ ಮ್ಯಾನುಯಲ್‌ಗೆ ಹಾಕಿ 3ರಲ್ಲಿ ಹಿಡಿಯಿರಿ. ಇನ್ನೊಂದು ಬಗೆಯ ಆಟೊಮ್ಯಾಟಿಕ್ ಗೇರಾದ ಸಿವಿಟಿ ಇದ್ದವರು ‘ಎಲ್’ ಅಥವಾ ‘ಎಸ್’. ಹತ್ತುವಾಗ ಎಎಂಟಿಗೆ ಇನ್ನೊಂದು ಕಾಯಿಲೆ: ಇಳಿಜಾರಿನಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿಯೇ ಗಾಡಿಯನ್ನು ತಡೆದು ಹಿಡಿದರೆ ಕ್ಲಚ್ ಅರ್ಧ ಕಚ್ಚಿಕೊಂಡು ಸುಡುತ್ತದೆ. ಕಾದು ಎಚ್ಚರಿಕೆ ದೀಪ ಬಂದು ಗಾಡಿ ಮುಂದೆ ಹೋಗಲು ಒಪ್ಪದಿರಬಹುದು. ದೊಡ್ಡಮನೆಯಲ್ಲಿ ಎದುರು ಬಸ್ಸು ಬಂದು ನಿಂತರೆ ಬ್ರೇಕ್ ಅಥವಾ ಹ್ಯಾಂಡ್‌ಬ್ರೇಕಿನಲ್ಲಿ ನಿಲ್ಲಿಸಿ, ಹೊರಡುವಾಗ ಮಾತ್ರ ಆಕ್ಸಿಲರೇಟರ್.

ಚಾರ್ಜರ್_ಎಲ್ಲಿ
ವಿದ್ಯುತ್ ಕಾರಿನವರಿಗೆ ಇಳಿಯುವುದು ಆದಾಯ, ಹತ್ತುವುದು ಖರ್ಚು. 1,700 ಕಿಲೋ ಗಾಡಿಗೆ 500 ಮೀಟರ್ ಏರು ಎಂದರೆ ಮಾಮೂಲಿ ಖರ್ಚಿನ ಮೇಲೆ ಸುಮಾರು 2.3 ಯೂನಿಟ್ ಹೆಚ್ಚುವರಿ. ಇಳಿಯುವಾಗ ಅದರ ಒಂದು ಪಾಲು ಮಾತ್ರ ವಾಪಸ್ ಬರುತ್ತದೆ. ಜೋಗದಲ್ಲಿ ಬ್ಯಾಟರಿ ನೂರಕ್ಕೆ ನೂರು ತುಂಬಿರಬಾರದು. ತುಂಬಿದ್ದರೆ ರೀಜೆನ್ (ಇಳಿಯುವಾಗ ಬ್ಯಾಟರಿ ತುಂಬಿಸುತ್ತಾ ವೇಗ ತಡೆಯುವುದು) ಕೆಲಸ ಮಾಡದು, ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಚಾರ್ಜಿಂಗ್ ಏನಿದ್ದರೂ ಕರಾವಳಿ ಹೆದ್ದಾರಿಯಲ್ಲಿ ಮುಗಿಸಿಕೊಂಡೇ ದೊಡ್ಡಮನೆ ಕಡೆ ತಿರುಗಿ.

ಕಾಂಡ್ಲಾ
ಎಲ್ಲಿ ನಿಲ್ಲಬೇಕು ಎಂದು ಯಾರೂ ಹೇಳಲಿಲ್ಲವಲ್ಲ ಮಾರಾಯ್ರೆ, ಬರೀ ಬ್ರೇಕು.

ಜೋಗ ಬಿಟ್ಟು ಸೀತಾಕಟ್ಟೆ ಸೇತುವೆ ದಾಟಿದರೆ ನೀವು ಉತ್ತರ ಕನ್ನಡ ಜಿಲ್ಲೆ. ಮುಂದೆ ಮಾವಿನಗುಂಡಿ, ಸಿದ್ದಾಪುರದ ರಸ್ತೆ ಕೂಡುವ ಜಾಗ. ಅಲ್ಲಿಂದ ಹೊನ್ನಾವರದ ಕಡೆ ಹೊರಟ ಮೇಲೆ ಘಾಟಿಯಲ್ಲಿ ಶರಾವತಿ ಕಣಿವೆಯ ವೀಕ್ಷಣಾ ಸ್ಥಳ ಸಿಗುತ್ತದೆ. ಅರ್ಧ ಗಂಟೆ ಅಲ್ಲಿಗೇ ಇಡಿ. ಕೆಳಗೆ ಕಾಣುವ ನೀರು ಹರಿಯುವ ಹೊಳೆಯಂತಿರದೆ ಹಸಿರು ಕೆರೆಯಂತೆ ನಿಂತಿರುತ್ತದೆ. ಅದು ಗೇರುಸೊಪ್ಪ ಅಣೆಕಟ್ಟೆಯ ಹಿನ್ನೀರು. ಮೇಲೆ 1,035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರದಿಂದ ಹೊರಬಿದ್ದ ನೀರನ್ನು ಇಲ್ಲಿ ಮತ್ತೆ ಹಿಡಿದು 240 ಮೆಗಾವ್ಯಾಟ್ ತೆಗೆಯುತ್ತಾರೆ. ಕೊಳ್ಳದ ತಳ ಕಾಣಬೇಕು ಎಂದರೆ ಜೋಗದಲ್ಲೇ ಬಗ್ಗಿ ನೋಡಿ, ಇಲ್ಲಿ ಕಾಣುವುದು ಅದರ ಎರಡು ಗೋಡೆ ಮತ್ತು ಕಾಡು. ಅಣೆಕಟ್ಟು, ವಿದ್ಯುದಾಗಾರದ ಹತ್ತಿರ ಡ್ರೋನ್ ಹಾರಿಸುವ ಯೋಚನೆ ಬೇಡ.

ಗೇರುಸೊಪ್ಪದಲ್ಲಿ ಚತುರ್ಮುಖ ಬಸದಿ ನದಿಯ ಆಚೆ ದಡದಲ್ಲಿದೆ. ‘ಕಾಳುಮೆಣಸಿನ ರಾಣಿ’ ಎಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಊರು ಇದು. ನಾಲ್ಕು ದಿಕ್ಕಿಗೂ ಬಾಗಿಲಿರುವ ಕಲ್ಲಿನ ಬಸದಿ, ಸುತ್ತ ಕಾಡು. ಹೋಗಿ ಬರಲು ಒಂದೂವರೆ ಗಂಟೆ ಬೇಕು. ಜೋಗದಲ್ಲಿ ಮಂಜಿಗೆ ಕಾದು ತಡವಾಗಿದ್ದರೆ ಇದನ್ನು ಬಿಡಿ, ತಡವಾಗದಿದ್ದರೆ ಕಡಲತೀರ ಬಿಟ್ಟು ಇದನ್ನು ನೋಡಿ. ಬೀಚು ಎಲ್ಲ ಕಡೆ ಇದೆ.

ಗೇರುಸೊಪ್ಪ ದಾಟಿದ ಮೇಲೆ ನದಿಯ ಸ್ವಭಾವ ಬದಲು. ಅಗಲವಾಗಿ, ತೆಂಗು–ಅಡಿಕೆ ತೋಟದ ನಡುವೆ ನಿಧಾನಕ್ಕೆ ಹರಿಯುತ್ತದೆ, ಉಬ್ಬರವಿಳಿತ ಒಳಗಿನವರೆಗೂ ಬರುತ್ತದೆ. ಹೊನ್ನಾವರದಲ್ಲಿ ಅಳಿವೆ. ಅಲ್ಲಿನ ಕೊಂಕಣ ರೈಲ್ವೆ ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಆ ಮಾರ್ಗದಲ್ಲೇ ಅತಿ ಉದ್ದದ್ದು. ಕಾಸರಕೋಡಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮರದ ಕಾಲುದಾರಿ ಹಿರಿಯರಿಗೂ ನಡೆಯಲು ಸಲೀಸು, ಸಮತಟ್ಟು. ಆದರೆ ಅದು ಹೆದ್ದಾರಿ ಸೇತುವೆಯ ದಕ್ಷಿಣಕ್ಕೆ, ಕುಮಟಾ ಉತ್ತರಕ್ಕೆ. ಹೋದರೆ ಅದೇ ಸೇತುವೆಯ ಮೇಲೆ ವಾಪಸ್ ಬರಬೇಕು. ಊಟ ಹೊನ್ನಾವರದಲ್ಲೇ 12.30ಕ್ಕೆ ಮುಗಿಸಿ, 1.30ಕ್ಕೆ ಕುಮಟಾ ದಾರಿ ಹಿಡಿಯಿರಿ.

ಕೆಂದಳಿಲು
ಘಾಟಿಯಲ್ಲಿ ಸಿಂಗಳೀಕ ಕಂಡರೆ ದಯವಿಟ್ಟು ಬಿಸ್ಕತ್ತು ಎಸೆಯಬೇಡಿ. 2019ರಲ್ಲಿ ಈ ಕಣಿವೆಯನ್ನು ಸಿಂಗಳೀಕ ಅಭಯಾರಣ್ಯ ಎಂದು ಘೋಷಿಸಿದ್ದು ಅದು ಮರದ ಮೇಲೇ ಬದುಕುವ, ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಪ್ರಾಣಿ ಎಂಬ ಕಾರಣಕ್ಕೆ. ತಿಂಡಿಗೆ ಒಗ್ಗಿದ್ದು ರಸ್ತೆಗೆ ಇಳಿಯುತ್ತದೆ, ಮುಂದಿನ ತಿರುವಿನಲ್ಲಿ ಲಾರಿ. ಗಾಜು ಏರಿಸಿ, ಗಾಡಿ ನಿಧಾನ ಮಾಡಿ, ಮುಂದೆ ಹೋಗಿ. ಸಾಮಾನ್ಯ ಮಂಗನಿಗೂ ಇದಕ್ಕೂ ಗುರುತು: ಮೈ ಕಪ್ಪು, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಕುಚ್ಚು.

ಶುಂಠಿ_ಕಷಾಯ
ಹುಡುಗನ ವಾಂತಿಗೆ: ಕಣ್ಣು ಸೀಟಿನ ಬೆನ್ನು ನೋಡುತ್ತಿರುತ್ತದೆ, ಒಳಕಿವಿ ತಿರುವನ್ನು ಹೇಳುತ್ತಿರುತ್ತದೆ. ಎರಡಕ್ಕೂ ತಾಳೆ ಆಗದೆ ಹೊಟ್ಟೆ ತೊಳಸುತ್ತದೆ. ಹಿಂದಿನ ಸೀಟಿನ ನಡುವೆ ಕೂರಿಸಿ, ಬೆಲ್ಟ್ ಹಾಕಿ, ಮುಂದಿನ ಗಾಜಿನಿಂದ ದೂರದ ರಸ್ತೆ ನೋಡಲಿ. ಮೊಬೈಲ್ ಕೈಗೆ ಕೊಡಲೇಬೇಡಿ. ಬೆಳಿಗ್ಗೆ ಎಣ್ಣೆಯ ಪೂರಿ ಬೇಡ, ಎರಡು ಇಡ್ಲಿ ಸಾಕು. ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ಮಾತ್ರೆ ಕೊಡುವುದಿದ್ದರೆ ವೈದ್ಯರನ್ನು ಕೇಳಿ ಘಾಟಿಗೆ ಅರ್ಧ–ಒಂದು ಗಂಟೆ ಮೊದಲು. ತೊಳಸಲು ಸುರುವಾದ ಮೇಲೆ ಕೊಟ್ಟ ಮಾತ್ರೆ ಹೊರಗೇ ಬರುತ್ತದೆ. ಮತ್ತೆ ಚಾಲಕರಿಗೆ: ತಿರುವಿನ ಒಳಗೆ ಬ್ರೇಕ್ ಹಾಕಬೇಡಿ, ತಿರುವಿಗೆ ಮೊದಲೇ ವೇಗ ಇಳಿಸಿ. ಅರ್ಧ ವಾಂತಿ ಅದರಿಂದಲೇ ನಿಲ್ಲುತ್ತದೆ.

ಬಿಳಗಿ_ಗೋಲಬಾವಿ
ದೊಡ್ಡಮನೆ ಘಾಟಿಯ ಬಗ್ಗೆ. ಇದು ಅಘನಾಶಿನಿ ಸೀಮೆ. ನದಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ, ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ ತದಡಿಯಲ್ಲಿ ಸಮುದ್ರ ಸೇರುವವರೆಗೂ ತನ್ನಷ್ಟಕ್ಕೆ ಹರಿಯುತ್ತದೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಗೇರುಸೊಪ್ಪ ಘಾಟಿಯ ಹಾಗೆ ಇಲ್ಲಿ ಕೊಳ್ಳ ರಸ್ತೆಯ ಪಕ್ಕಕ್ಕೇ ಅಂಟಿಕೊಂಡು ಬರುವುದಿಲ್ಲ. ಇದು ಕಾಡಿನ ರಸ್ತೆ. ನೆರಳು, ತಿರುವು, ಮಧ್ಯೆ ಮಧ್ಯೆ ಒಂದು ತೋಟ, ಒಂದು ಮನೆ.

ಓಡಿಸುವುದು ಹೇಗೆ? ಪ್ರತಿ ಮುಚ್ಚಿದ ತಿರುವಿಗೂ ಹಾರನ್, ಹೊಡೆದು ಉತ್ತರ ಕೇಳಿಸಿಕೊಳ್ಳಿ. ಅಂದರೆ ಹಾಡು ಬಂದ್, ಗಾಜು ಎರಡು ಬೆರಳು ಇಳಿಸಿ. ದಾಟುವಾಗ ಅಗಲ ಜಾಗ ಎಲ್ಲಿತ್ತು ಎಂದು ನೆನಪಿಟ್ಟುಕೊಳ್ಳುತ್ತಾ ಹೋಗಿ, ಹಿಮ್ಮುಖ ಬರಬೇಕಾದರೆ ಬೇಕು. ಡಾಂಬರಿನ ಅಂಚು ಮಣ್ಣಿನ ಭುಜಕ್ಕಿಂತ ಎತ್ತರ ಇರುವ ಕಡೆ ಎರಡು ಚಕ್ರ ಕೆಳಗಿಳಿಸುವ ಮೊದಲು ನಿಂತು ನೋಡಿ. ಹುಲ್ಲು ಮುಚ್ಚಿದ ಚರಂಡಿ ಅಲ್ಲೇ ಇರುತ್ತದೆ. ಬಸ್ ಚಾಲಕರು ಕೈ ಸನ್ನೆ ಮಾಡಿದರೆ ಅದನ್ನೇ ನಂಬಿ, ಅವರಿಗೆ ರಸ್ತೆಯ ಪ್ರತಿ ಇಂಚು ಗೊತ್ತು.

ಮೊಬೈಲ್ ಸಿಗ್ನಲ್ ಘಾಟಿಯಲ್ಲಿ ನಂಬುವ ಹಾಗಿಲ್ಲ. ನಕ್ಷೆ ಮೊದಲೇ ಇಳಿಸಿಕೊಂಡಿರಿ. ಪೆಟ್ರೋಲ್ ಕುಮಟಾದಲ್ಲೇ ತುಂಬಿಸಿ. 2.15ಕ್ಕೆ ಕುಮಟಾ ಬಿಟ್ಟರೆ ನಾಲ್ಕೂಕಾಲಿಗೆ ಬಿಳಗಿ. ಅಲ್ಲಿ ರತ್ನತ್ರಯ ಬಸದಿ, ಗೋಲಬಾವಿ ನೋಡಿ ಚಹಾ ಕುಡಿದರೂ ಬೆಳಕಿರುವಾಗಲೇ ಸಿದ್ದಾಪುರ.

ಅಡಿಕೆಗೊನೆ
ಉಂಚಳ್ಳಿಯ ಪ್ರಶ್ನೆ ಹಾಗೇ ಉಳಿಯಿತು.

ಬಿಳಗಿ_ಗೋಲಬಾವಿ
ಬೇಡ. 116 ಮೀಟರ್ ಜಲಪಾತ, ಅಘನಾಶಿನಿಯ ಕೊಳ್ಳ ನಿಜವಾಗಿ ಕಾಣುವುದು ಅಲ್ಲೇ, ಅದಕ್ಕೇ ಬೇಡ ಎನ್ನುವುದು. ಸಿದ್ದಾಪುರದಿಂದ ಹೆಗ್ಗರಣೆ ಮೇಲೆ 35 ಕಿಲೋಮೀಟರ್ ಒಂದು ಕಡೆಗೆ. ಆಮೇಲೆ ನಡಿಗೆ, ಮೆಟ್ಟಿಲು. ಈ ಸುತ್ತಿಗೆ ಸೇರಿಸಿದರೆ ಹಿರಿಯರು ಕಾರಿನಲ್ಲಿ ಕೂತು ಕಾಯುತ್ತಾರೆ, ನೀವು ಓಡಿ ಹೋಗಿ ಒಂದು ಫೋಟೊ ತೆಗೆದು ಓಡಿ ಬರುತ್ತೀರಿ. ಇನ್ನೊಂದು ದಿನ ಶಿರಸಿಯಿಂದ ಹೋಗಿ. ಮಳೆ ಬಿಟ್ಟ ಹೊಸತರಲ್ಲಿ ಉಂಬಳ (ಜಿಗಣೆ) ಇರುತ್ತದೆ, ಉದ್ದ ಕಾಲುಚೀಲಕ್ಕೆ ಸುಣ್ಣ–ಹೊಗೆಸೊಪ್ಪಿನ ನೀರು ಹಚ್ಚಿಕೊಂಡರೆ ಸಾಕು. ಕಚ್ಚಿದ್ದನ್ನು ಕಿತ್ತು ಎಳೆಯಬೇಡಿ, ಉಪ್ಪು ಹಾಕಿ.

ಶೇಡಿಮಣ್ಣು
ಇದನ್ನು ಜೂನ್–ಸೆಪ್ಟೆಂಬರ್‌ನಲ್ಲಿ ಓದುವವರಿಗೆ ಒಂದು ಮಾತು. ಈ ಭಾಗದ ಗುಡ್ಡಗಳಲ್ಲಿ ಮೇಲೆ ಚಿರೇಕಲ್ಲು (ಜಂಬಿಟ್ಟಿಗೆ), ಅದರ ಕೆಳಗೆ ಬಿಳಿ ಜೇಡಿಯಂಥ ಶೇಡಿಮಣ್ಣು. ಚಿರೇಕಲ್ಲಿನ ತೂತುಗಳಲ್ಲಿ ನೀರು ಇಳಿಯುತ್ತದೆ, ಶೇಡಿ ನೆನೆದು ಬೆಣ್ಣೆಯಾಗುತ್ತದೆ. ರಸ್ತೆ ಅಗಲಿಸಲು ಗುಡ್ಡದ ಕಾಲನ್ನು ನೆಟ್ಟಗೆ ಕತ್ತರಿಸಿದ್ದರೆ ಮೇಲಿನದ್ದೆಲ್ಲ ಜಾರುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಬಂದು ಬಿದ್ದದ್ದು ಎಲ್ಲರಿಗೂ ನೆನಪಿದೆ. ಕುಸಿತಕ್ಕೆ ಮುನ್ನ ಕೆಲವು ಸಲ ಗುರುತು ಸಿಗುತ್ತದೆ: ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾಗುವುದು, ರಸ್ತೆಯ ಮೇಲೆ ಹಸಿ ಮಣ್ಣಿನ ಸಣ್ಣ ಉಂಡೆಗಳು, ರಸ್ತೆಯತ್ತ ವಾಲಿದ ಮರ. ಅಂಥ ಕಡೆ ನಿಂತು ಫೋಟೊ ತೆಗೆಯುವುದಲ್ಲ, ಗುಡ್ಡದ ಕೆಳಗೆ ಗಾಡಿ ನಿಲ್ಲಿಸಿ ಚಹಾ ಕುಡಿಯುವುದೂ ಅಲ್ಲ. ಜಿಲ್ಲಾಡಳಿತ ರಜೆ ಘೋಷಿಸಿದ ದಿನ ಈ ಸುತ್ತು ರದ್ದು ಮಾಡಿ.

ಮಂಜು, ಮಳೆಯಲ್ಲಿ ಒಳಗಾಜು ಮಬ್ಬಾದರೆ ಎಸಿ ಹಾಕಿ, ಗಾಳಿ ಮುಂದಿನ ಗಾಜಿಗೆ ತಿರುಗಿಸಿ, ಹೊರಗಾಳಿಯ ಗುಂಡಿ ಒತ್ತಿ. ಐದು ಜನರ ಉಸಿರನ್ನೇ ಒಳಗೆ ಸುತ್ತಿಸಿದರೆ ಗಾಜು ಒಣಗದು. ದೀಪ ಲೋ ಬೀಮ್. ಹೈ ಬೀಮ್ ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸಬೇಡಿ, ನೀವು ನಿಂತಿದ್ದೀರೋ ತಿರುಗುತ್ತೀರೋ ಹಿಂದಿನವನಿಗೆ ತಿಳಿಯುವುದಿಲ್ಲ.

ಗದ್ದೆಬದು
ಎಲ್ಲರಿಗೂ ಧನ್ಯವಾದ. ಉಂಚಳ್ಳಿ ಬಿಟ್ಟೆ. ಬಸದಿಯೋ ಕಾಂಡ್ಲಾ ಕಾಡೋ ಎಂದು ಜೋಗದ ಮಂಜು ನೋಡಿ ತೀರ್ಮಾನ. ಸ್ಟೆಪ್ನಿ ಬಗ್ಗೆ ಯಾರೂ ಹೇಳಲಿಲ್ಲ, ನಮ್ಮದು ತೆಳು ಚಕ್ರ.

ಡಾಟ್_ನಾಲ್ಕು
ತೆಳು ಸ್ಟೆಪ್ನಿಗೆ ಗಾಳಿ ಸಾಮಾನ್ಯವಾಗಿ 60 ಪಿಎಸ್‌ಐ, ಅದರ ಪಕ್ಕದಲ್ಲೇ ಬರೆದಿರುತ್ತದೆ. ಕಾರಿನ ಡಿಕ್ಕಿಯಲ್ಲಿ ವರ್ಷಗಟ್ಟಲೆ ಮಲಗಿದ್ದರಲ್ಲಿ ಅರ್ಧವೂ ಇರುವುದಿಲ್ಲ, ಸಾಗರ ಬಿಡುವ ಮೊದಲೇ ತುಂಬಿಸಿ. ವೇಗದ ಮಿತಿ 80 ಎಂದಿದ್ದರೂ ಘಾಟಿಯಲ್ಲಿ 30 ದಾಟಬೇಡಿ, ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ಮಾತ್ರ. ಓಡುವ ನಾಲ್ಕು ಟೈರಿನ ಗಾಳಿ ಡ್ರೈವರ್ ಬಾಗಿಲ ಕಂಬದ ಚೀಟಿಯ ‘ಪೂರ್ಣ ಭಾರ’ದ ಸಾಲಿನಂತೆ. ಟೈರಿನ ಹಲ್ಲಿನ ಆಳ 1.6 ಮಿಲಿಮೀಟರ್ ಇದ್ದರೆ ಕಾನೂನಿಗೆ ಸಾಕು, ಒದ್ದೆ ಘಾಟಿಗೆ 3 ಇರಲಿ.

ಬಿಳಗಿ_ಗೋಲಬಾವಿ
ದೊಡ್ಡಮನೆ ರಸ್ತೆ ಆ ದಿನ ತೆರೆದಿದೆಯೇ ಎಂದು ತಿಳಿಯಲು ನಕ್ಷೆಯ ಹಸಿರು ಗೆರೆ ನಂಬಬೇಡಿ, ಸಿಗ್ನಲ್ ಇಲ್ಲದ ಕಡೆ ಅದಕ್ಕೂ ಗೊತ್ತಿರುವುದಿಲ್ಲ. ಕುಮಟಾ ಬಸ್ ನಿಲ್ದಾಣದಲ್ಲಿ ಕೇಳಿ: ಸಿದ್ದಾಪುರದಿಂದ ಘಾಟಿ ಇಳಿದು ಬರುವ ಬಸ್ಸು ಬಂತಾ? ಬಂದಿದ್ದರೆ ಹೊರಡಿ. ಬಂದಿಲ್ಲದಿದ್ದರೆ ಹೊನ್ನಾವರಕ್ಕೆ ಹಿಂದಿರುಗಿ ಗೇರುಸೊಪ್ಪ ಘಾಟಿಯಲ್ಲೇ ವಾಪಸ್. ಹಾಗಾದರೆ ಕುಮಟಾವನ್ನು ಎರಡೂವರೆಯೊಳಗೆ ಬಿಡಬೇಕು. ಶಿರಸಿಯ ದೇವಿಮನೆ ಘಾಟಿ ಕಡೆ ತಿರುಗುವ ಮೊದಲು ವಿಚಾರಿಸಿ, ಅಗಲೀಕರಣಕ್ಕಾಗಿ ಅದನ್ನು ಮುಚ್ಚಿದ್ದೂ ಉಂಟು.